ಒಂದೇ ಶಾಲೆಯಲ್ಲಿ ಓದಿದವರ ಜಗಳ

ಪ್ರಶ್ನೆ: ಕ್ರಿ.ಶ. 415ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಕ್ರೈಸ್ತರ ಗುಂಪು ತತ್ವಶಾಸ್ತ್ರ ಕಲಿಸುತ್ತಿದ್ದ ಹೈಪೇಶಿಯಾಳನ್ನು ಕೊಂದಿತು, 529ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಅಥೆನ್ಸಿನ ತತ್ವಶಾಲೆಯನ್ನು ಮುಚ್ಚಿಸಿದ ಎಂದು ಓದಿದ್ದೇನೆ. ಒರಿಜೆನ್, ಆಗಸ್ಟೀನ್ ಮುಂತಾದ ಕ್ರೈಸ್ತ ಚಿಂತಕರು ಪ್ಲೇಟೊನಿಂದ ತುಂಬಾ ಕಲಿತರು ಎಂದೂ ಹೇಳುತ್ತಾರೆ. ಹಾಗಾದರೆ ಕ್ರೈಸ್ತ ಧರ್ಮ ಗ್ರೀಕ್ ತತ್ವಶಾಸ್ತ್ರವನ್ನು ಕೊಂದಿತೋ, ಉಳಿಸಿತೋ? ಈ ಕಾಲದ ಬಗ್ಗೆ ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಹೇಳಿದ ಎರಡೂ ಮಾತು ನಿಜ. ಹೈಪೇಶಿಯಾಳ ಕೊಲೆಯೂ ನಡೆಯಿತು, ಪ್ಲೇಟೊ ಪಂಥದ ಪುಸ್ತಕ ಓದಿ ಆಗಸ್ಟೀನ್ ಬದಲಾದದ್ದೂ ನಡೆಯಿತು. ಆದರೆ ಈ ಪ್ರಶ್ನೆ ಕೇಳುವಾಗ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಇರುತ್ತದೆ. ಈ ಕಡೆ ತತ್ವಜ್ಞಾನಿಗಳು, ಆ ಕಡೆ ಪಾದ್ರಿಗಳು, ನಡುವೆ ಗೋಡೆ. ಅಂಥ ಗೋಡೆ ಇರಲಿಲ್ಲ. 2ನೇ ಶತಮಾನದಿಂದ 6ನೇ ಶತಮಾನದವರೆಗೆ ಎರಡೂ ಕಡೆಯ ಓದಿದ ಜನ ಎಷ್ಟೋ ಸಲ ಒಬ್ಬರೇ ಮೇಷ್ಟ್ರ ಮುಂದೆ ಕೂತರು. ಹೋಮರ್, ಪ್ಲೇಟೊ, ಅರಿಸ್ಟಾಟಲ್ ಓದಿಕೊಂಡರು. ಆಮೇಲೆ ಜಗಳಕ್ಕೆ ನಿಂತರು. ಈ ಜಗಳಗಳನ್ನು ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವಾದ ನಡೆದ ಕಡೆಯಲ್ಲೆಲ್ಲ ಎದುರಾಳಿಯ ಮಾತು ಉಳಿಯಿತು. ವಾದ ಸಾಕು ಎಂದು ಅರಮನೆ ಆಜ್ಞೆ ಹೊರಡಿಸಿದ ಕಡೆ ಅಳಿಯಿತು. ಹಾಗೆ ಅಳಿದವರಲ್ಲಿ ಕ್ರೈಸ್ತರೂ ಇದ್ದಾರೆ.

ಮೊದಲು ಜಸ್ಟಿನ್‌ನನ್ನು ನೋಡಿ. ಇವನು ಇಂದು ನಾಬ್ಲುಸ್ ಎನ್ನುವ ಪ್ಯಾಲೆಸ್ಟೈನಿನ ಊರಿನವನು. ಗುರುಗಳನ್ನು ಹುಡುಕಿಕೊಂಡು ಅಲೆದ ಕಥೆಯನ್ನು ತಾನೇ ಬರೆದಿದ್ದಾನೆ. ಸುಖದುಃಖಕ್ಕೆ ಕದಲದೆ ವಿವೇಕದಿಂದ ಬದುಕಬೇಕು ಎನ್ನುವ ಸ್ಟೋಯಿಕ್ ಪಂಥದ ಗುರುವಿಗೆ ದೇವರ ವಿಷಯ ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತಲೂ ಅನ್ನಿಸಿರಲಿಲ್ಲ. ಅರಿಸ್ಟಾಟಲ್ ಪಂಥದವನು ಕೆಲವೇ ದಿನಗಳಲ್ಲಿ ಫೀಸು ಕೇಳಿದ. ಪೈಥಾಗರಸ್ ಪಂಥದವನು ಮೊದಲು ಸಂಗೀತ, ಖಗೋಳ, ರೇಖಾಗಣಿತ ಕಲಿತು ಬಾ ಎಂದ. ಕೊನೆಗೆ ಪ್ಲೇಟೊ ಪಂಥದವನ ಹತ್ತಿರ ಮನಸ್ಸು ನಿಂತಿತು. ಆಮೇಲೆ ಒಬ್ಬ ಮುದುಕ ಸಿಕ್ಕಿ ಅವನನ್ನು ಕ್ರಿಸ್ತನ ಕಡೆ ತಿರುಗಿಸಿದ. ಕ್ರೈಸ್ತನಾದ ಮೇಲೂ ಜಸ್ಟಿನ್ ತತ್ವಜ್ಞಾನಿಯ ಮೇಲುವಸ್ತ್ರ ತೆಗೆಯಲಿಲ್ಲ. ರೋಮ್‌ನಲ್ಲಿ ಒಂದು ಸ್ನಾನಗೃಹದ ಮೇಲಿನ ಮನೆಯಲ್ಲಿದ್ದುಕೊಂಡು, ಬಂದವರಿಗೆ ಪಾಠ ಹೇಳುತ್ತಿದ್ದ. 165ರ ಸುಮಾರಿಗೆ ಅವನಿಗೆ ಮರಣದಂಡನೆ ಆಯಿತು. ತೀರ್ಪು ಕೊಟ್ಟ ನಗರಾಧಿಕಾರಿ ಜೂನಿಯಸ್ ರಸ್ಟಿಕಸ್. ಚಕ್ರವರ್ತಿ ಮಾರ್ಕಸ್ ಅರೀಲಿಯಸ್‌ಗೆ ಸ್ಟೋಯಿಕ್ ತತ್ವ ಕಲಿಸಿದ ಗುರು ಇವನೇ. ತತ್ವಜ್ಞಾನಿಯೊಬ್ಬ ಇನ್ನೊಬ್ಬ ತತ್ವಜ್ಞಾನಿಯನ್ನು ಸಾವಿಗೆ ಕಳಿಸಿದ ಈ ಪ್ರಸಂಗವನ್ನು ಹೈಪೇಶಿಯಾಳ ಕಥೆಯ ಪಕ್ಕದಲ್ಲಿ ಇಟ್ಟು ನೋಡುವವರು ಕಡಿಮೆ. ನೋಡಬೇಕು.

'ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧ?' ಎಂದು ಉತ್ತರ ಆಫ್ರಿಕದ ಕಾರ್ತೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಕೇಳಿದ ಮಾತು ತುಂಬಾ ಪ್ರಸಿದ್ಧ. ಕ್ರೈಸ್ತರೆಲ್ಲ ಹೀಗೇ ಯೋಚಿಸಿದರು ಎನ್ನುವುದಕ್ಕೆ ಇದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಆದರೆ ಅದೇ ಟೆರ್ಟುಲಿಯನ್ ಆತ್ಮದ ಬಗ್ಗೆ ಬರೆಯುವಾಗ, ಆತ್ಮವೂ ಒಂದು ಬಗೆಯ ದೇಹವೇ ಎಂಬ ಸ್ಟೋಯಿಕ್ ವಾದವನ್ನು ಹಿಡಿಯುತ್ತಾನೆ. ರೋಮಿನ ಸ್ಟೋಯಿಕ್ ತತ್ವಜ್ಞಾನಿ ಸೆನೆಕನನ್ನು 'ಎಷ್ಟೋ ಸಲ ನಮ್ಮವನೇ' ಅನ್ನುತ್ತಾನೆ. ಬೈದವನಿಗೂ ಬೈಯುವ ಭಾಷೆ ಕಲಿಸಿದ್ದು ಅದೇ ಶಾಲೆ.

ಈಗ ಅಲೆಕ್ಸಾಂಡ್ರಿಯಕ್ಕೆ ಬನ್ನಿ. ಇಲ್ಲಿನ ಕ್ರೈಸ್ತ ಗುರು ಪ್ಯಾಂಟೀನಸ್ ಮೊದಲು ಸ್ಟೋಯಿಕ್ ಆಗಿದ್ದವನು. ಅವನು ಇಂಡಿಯಾಕ್ಕೆ ಹೋಗಿದ್ದ ಎಂದು ಚರ್ಚಿನ ಇತಿಹಾಸ ಬರೆದ ಯುಸೇಬಿಯಸ್ ಹೇಳುತ್ತಾನೆ. ಆಗಿನವರು ಇಂಡಿಯಾ ಅಂದರೆ ಯಾವ ಸೀಮೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅವನ ನಂತರ ಬಂದ ಕ್ಲೆಮೆಂಟ್ ಮಾತ್ರ ಬುದ್ಧನ ಹೆಸರನ್ನೇ ಬರೆದಿದ್ದಾನೆ. ಇಂಡಿಯಾದಲ್ಲಿ ಬುದ್ಧನ ಮಾತು ಕೇಳುವ ಜನ ಇದ್ದಾರೆ, ಅವನನ್ನು ದೇವರಂತೆ ಕಾಣುತ್ತಾರೆ ಎಂದು. ಯೆಹೂದ್ಯರಿಗೆ ಮೋಶೆಯ ಧರ್ಮಶಾಸ್ತ್ರ ಹೇಗೋ ಗ್ರೀಕರಿಗೆ ತತ್ವಶಾಸ್ತ್ರ ಹಾಗೆ, ಎರಡೂ ಕ್ರಿಸ್ತನ ಹತ್ತಿರ ಕರೆತರುವ ಪಾಠವೇ ಎಂಬುದು ಕ್ಲೆಮೆಂಟ್‌ನ ನಿಲುವು. ಇಂಥ ಮಾತನ್ನು ಅಷ್ಟು ಧೈರ್ಯವಾಗಿ ಹೇಳಲು ಆ ಊರೇ ಬೇಕಿತ್ತೇನೋ.

ಒರಿಜೆನ್ ಬೆಳೆದದ್ದು ಇದೇ ಊರಲ್ಲಿ. 202ರ ಸುಮಾರಿಗೆ ಅವನ ತಂದೆ ಲಿಯೊನಿಡಸ್‌ನನ್ನು ಕ್ರೈಸ್ತನೆಂದು ಕೊಂದರು. ಹುಡುಗನಿಗೆ ಆಗ 17 ತುಂಬಿರಲಿಲ್ಲ. ತಾನೂ ಹೋಗಿ ಸಾಯುತ್ತೇನೆ ಎಂದು ಹಟ ಹಿಡಿದ. ತಾಯಿ ಅವನ ಬಟ್ಟೆಗಳನ್ನು ಬಚ್ಚಿಟ್ಟು ಮನೆಯಿಂದ ಹೊರಗೆ ಹೋಗದ ಹಾಗೆ ಮಾಡಿದಳು. ಅವನ ಹಿಂದೆ 6 ಜನ ತಮ್ಮಂದಿರು. ವ್ಯಾಕರಣ, ಸಾಹಿತ್ಯ ಪಾಠ ಹೇಳಿ ಮನೆ ನಡೆಸಿದ. ಮುಂದೆ ಬೈಬಲ್ ಪಾಠಕ್ಕೇ ಜೀವನ ಕೊಡಬೇಕು ಅನ್ನಿಸಿದಾಗ ತನ್ನ ಗ್ರೀಕ್ ಪುಸ್ತಕಗಳನ್ನು ಮಾರಿದ. ಕೊಂಡವನು ದಿನಕ್ಕೆ 4 ಒಬೊಲು ಕೊಡಬೇಕು ಎಂದು ಮಾತಾಯಿತು. ಒಬೊಲು ಅಂದರೆ ಚಿಲ್ಲರೆ ಕಾಸು. ಅಷ್ಟರಲ್ಲೇ ಬದುಕಿದ.

ಅವನು ಯಾರ ಹತ್ತಿರ ಓದಿದ ಗೊತ್ತಾ? ಅಮೋನಿಯಸ್ ಸಕ್ಕಾಸ್ ಎಂಬ ಗುರುವಿನ ಹತ್ತಿರ. ಇದನ್ನು ಹೇಳುವವನು ಪಾರ್ಫಿರಿ. ಆ ಕಾಲದಲ್ಲಿ ಕ್ರೈಸ್ತರ ವಿರುದ್ಧ ಅತ್ಯಂತ ಹರಿತವಾಗಿ ಬರೆದವನು ಅವನೇ. ಪಾರ್ಫಿರಿಯ ಸ್ವಂತ ಗುರು ಪ್ಲೊಟೈನಸ್ ಕೂಡ ಇದೇ ಅಮೋನಿಯಸ್‌ನ ಹತ್ತಿರ 11 ವರ್ಷ ಕಲಿತವನು. ಹೊಸ ಪ್ಲೇಟೊವಾದ ಎನ್ನುತ್ತೇವಲ್ಲ, ಅದನ್ನು ಕಟ್ಟಿದವನು. ಪಾರ್ಫಿರಿ ಚಿಕ್ಕವನಿದ್ದಾಗ ಒರಿಜೆನ್‌ನನ್ನು ಕಂಡಿದ್ದ. ಈ ಮನುಷ್ಯ ಬಾಳಿದ್ದು ಕ್ರೈಸ್ತನಾಗಿ, ಯೋಚಿಸಿದ್ದು ಗ್ರೀಕನಾಗಿ ಎಂದು ಸಿಟ್ಟಿನಿಂದ ಬರೆದ. ಆ ಸಿಟ್ಟಿನಲ್ಲಿ ನನಗೆ ನಮ್ಮ ಶಾಲೆಯ ಒಳ್ಳೆಯ ಹುಡುಗ ಕೈತಪ್ಪಿ ಹೋದ ಎನ್ನುವ ನೋವು ಕಾಣುತ್ತದೆ.

ಹಾಗಾದರೆ ಜಗಳ ಯಾವುದರ ಮೇಲೆ? ದೇವರು ಒಬ್ಬನೋ ಹಲವರೋ ಎಂಬುದರ ಮೇಲೆ ನಾವು ಅಂದುಕೊಂಡಷ್ಟು ಇರಲಿಲ್ಲ. ಎಲ್ಲಕ್ಕೂ ಮೂಲವಾದ ಒಂದೇ ಒಂದು ಇದೆ ಎಂದು ಪ್ಲೊಟೈನಸ್ಸೂ ಒಪ್ಪುತ್ತಾನೆ. ನಿಜವಾದ ತಿಕ್ಕಾಟ ದೇಹದ ಬಗ್ಗೆ. ಪ್ಲೊಟೈನಸ್‌ಗೆ ತಾನು ದೇಹದೊಳಗೆ ಇರುವುದೇ ನಾಚಿಕೆ ಎನ್ನುವ ಹಾಗಿತ್ತು ಎಂದು ಪಾರ್ಫಿರಿ ಬರೆಯುತ್ತಾನೆ. ತನ್ನ ಚಿತ್ರ ಬರೆಸಲೂ ಅವನು ಬಿಡಲಿಲ್ಲ. ಆತ್ಮ ಒಳ್ಳೆಯದಾಗಬೇಕಾದರೆ ದೇಹವನ್ನೆಲ್ಲ ಬಿಟ್ಟು ಓಡಬೇಕು ಎಂಬುದು ಪಾರ್ಫಿರಿಯ ಮಾತು. ಇಂಥವರ ಮುಂದೆ ಕ್ರೈಸ್ತರು ಬಂದು, ದೇವರೇ ದೇಹ ತೊಟ್ಟ, ಹುಟ್ಟಿದ, ಸತ್ತ, ನಮ್ಮ ದೇಹಗಳೂ ಮತ್ತೆ ಏಳುತ್ತವೆ ಎಂದರು. ಸೆಲ್ಸಸ್ ಎಂಬ ವಿಮರ್ಶಕ 178ರ ಸುಮಾರಿಗೇ ಇದನ್ನು 'ಹುಳುಗಳ ಆಸೆ' ಎಂದು ಹೀಯಾಳಿಸಿದ್ದ. ಕೊಳೆತ ದೇಹಕ್ಕೆ ಮರಳಿ ಬರಲು ಯಾವ ಆತ್ಮ ಇಷ್ಟಪಡುತ್ತದೆ ಎಂಬುದು ಅವನ ಪ್ರಶ್ನೆ. ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯೇನಲ್ಲ.

ಸೆಲ್ಸಸ್‌ನ ಪುಸ್ತಕ ಇವತ್ತು ಇಲ್ಲ. ಆದರೂ ಅದರ ದೊಡ್ಡ ಪಾಲು ನಮಗೆ ಗೊತ್ತು. ಸುಮಾರು 70 ವರ್ಷ ಆದ ಮೇಲೆ ಒರಿಜೆನ್ 8 ಭಾಗಗಳಲ್ಲಿ ಉತ್ತರ ಬರೆದ. ಸೆಲ್ಸಸ್‌ನ ಒಂದೊಂದೇ ಮಾತನ್ನು ಅವನದೇ ಶಬ್ದಗಳಲ್ಲಿ ಎತ್ತಿ ಬರೆದು, ಆಮೇಲೆ ತನ್ನ ಉತ್ತರ ಕೊಟ್ಟ. ಎದುರಾಳಿಯನ್ನು ಇಷ್ಟು ನಿಯತ್ತಿನಿಂದ ಉಲ್ಲೇಖಿಸಿದ್ದಕ್ಕೇ ಸೆಲ್ಸಸ್ ಉಳಿದ. ಪಾರ್ಫಿರಿಗೆ ಆ ಅದೃಷ್ಟ ಇರಲಿಲ್ಲ. ಅವನ ಪುಸ್ತಕಕ್ಕೂ ಮೆಥೋಡಿಯಸ್, ಯುಸೇಬಿಯಸ್, ಅಪೊಲಿನಾರಿಸ್ ಉತ್ತರ ಬರೆದರು. 448ರಲ್ಲಿ 2ನೇ ಥಿಯೊಡೋಸಿಯಸ್ ಚಕ್ರವರ್ತಿ ಪಾರ್ಫಿರಿಯ ಪುಸ್ತಕ ಸುಡಬೇಕು ಎಂದು ಆಜ್ಞೆ ಮಾಡಿದ. ಮೂಲ ಹೋಯಿತು. ಆ ಮೂರು ಉತ್ತರಗಳೂ ಹೋದವು. ಈಗ ಅಲ್ಲಿ ಇಲ್ಲಿ ಚೂರುಗಳು ಮಾತ್ರ.

ಒರಿಜೆನ್‌ಗೂ ಇದೇ ಗತಿ ಬಂತು. ಹುಟ್ಟುವ ಮೊದಲೂ ಆತ್ಮ ಇತ್ತು ಎಂಬ ಪ್ಲೇಟೊವಿನ ವಿಚಾರವನ್ನು ಅವನು ಬಿಟ್ಟಿರಲಿಲ್ಲ. 250ರಲ್ಲಿ ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ ನಂಬಿಕೆಗಾಗಿ ಸೆರೆಮನೆಯಲ್ಲಿ ಚಿತ್ರಹಿಂಸೆ ಅನುಭವಿಸಿದವನು, 3 ಶತಮಾನ ಕಳೆದು, ಜಸ್ಟಿನಿಯನ್ ಕಾಲದಲ್ಲಿ ಪಾಷಂಡಿ ಎನಿಸಿಕೊಂಡ. 553ರ ಕಾನ್‌ಸ್ಟಾಂಟಿನೋಪಲ್ ಸಭೆ ಅವನ ಹೆಸರನ್ನು ಶಾಪದ ಪಟ್ಟಿಗೆ ಸೇರಿಸಿತು. ಅವನ ಮುಖ್ಯ ತಾತ್ವಿಕ ಪುಸ್ತಕದ ಗ್ರೀಕ್ ಮೂಲ ಬಹುಪಾಲು ಇಲ್ಲ. ರುಫೈನಸ್ ಮಾಡಿದ ಲ್ಯಾಟಿನ್ ಅನುವಾದದಿಂದ ಅದನ್ನು ತಿಳಿಯಬೇಕು. ಅಥೆನ್ಸಿನ ಶಾಲೆಯನ್ನು ನಿಲ್ಲಿಸಿದ ಅದೇ ಚಕ್ರವರ್ತಿ ಕ್ರೈಸ್ತರ ಅತಿ ದೊಡ್ಡ ವಿದ್ವಾಂಸನನ್ನೂ ಬಿಡಲಿಲ್ಲ ಎನ್ನುವುದು ಗಮನದಲ್ಲಿರಲಿ.

ದೇಹದ ವಾದದಲ್ಲಿ ನನಗೆ ಅತ್ಯಂತ ಪ್ರಿಯವಾದ ದನಿ ಒಬ್ಬ ಹೆಂಗಸಿನದು. ಇಂದಿನ ಟರ್ಕಿಯ ಕಪಡೋಸಿಯ ಸೀಮೆಯ ಬೇಸಿಲ್ ಮತ್ತು ನಿಸ್ಸಾದ ಗ್ರೆಗರಿ ಅಣ್ಣತಮ್ಮಂದಿರು, ಇಬ್ಬರೂ ಬಿಷಪ್ಪರು. ಅವರ ಅಕ್ಕ ಮ್ಯಾಕ್ರಿನಾ. 379ರಲ್ಲಿ ಅವಳು ಸಾಯುವ ಸ್ಥಿತಿಯಲ್ಲಿದ್ದಾಗ ಗ್ರೆಗರಿ ನೋಡಲು ಬಂದ. ಅಣ್ಣ ಬೇಸಿಲ್ ಅದಕ್ಕೆ ಸ್ವಲ್ಪ ಮೊದಲಷ್ಟೇ ತೀರಿಕೊಂಡಿದ್ದ. ಆ ಭೇಟಿಯನ್ನು ಗ್ರೆಗರಿ ಒಂದು ಸಂವಾದವಾಗಿ ಬರೆದ. ಪ್ಲೇಟೊ ಬರೆದ ಸಾಕ್ರಟೀಸನ ಕೊನೆಯ ದಿನ ಇದೆಯಲ್ಲ, ಅದೇ ಅಚ್ಚು. ಸಾಕ್ರಟೀಸನ ಜಾಗದಲ್ಲಿ ಅಕ್ಕ ಇದ್ದಾಳೆ. ಪುಸ್ತಕದುದ್ದಕ್ಕೂ ಅವಳನ್ನು 'ಗುರು' ಎಂದೇ ಕರೆಯುತ್ತಾನೆ. ತಮ್ಮ ಅಳುತ್ತಾನೆ, ಸತ್ತ ಮೇಲೆ ಏನಿದೆ ಎಂದು ಸಂಶಯ ಎತ್ತುತ್ತಾನೆ. ಉಸಿರಾಡಲು ಕಷ್ಟಪಡುತ್ತಿರುವ ಅಕ್ಕ ಒಂದೊಂದಕ್ಕೂ ತರ್ಕದಿಂದ ಉತ್ತರ ಕೊಡುತ್ತಾಳೆ. ಆತ್ಮವೆಂದರೆ ಎರಡು ಕುದುರೆಯ ರಥ ಎಂಬ ಪ್ಲೇಟೊವಿನ ಕಲ್ಪನೆಯನ್ನು ಪಕ್ಕಕ್ಕಿಡೋಣ ಎನ್ನುತ್ತಾಳೆ. ದೇಹ ಚದುರಿದ ಮೇಲೂ ಆತ್ಮ ತನ್ನ ಕಣಗಳನ್ನು ಗುರುತಿಸುತ್ತದೆ, ಬಣ್ಣ ಬೆರೆಸಿದ ಚಿತ್ರಗಾರನಿಗೆ ಯಾವ ಬಣ್ಣ ಎಲ್ಲಿಂದ ಬಂತು ಎಂದು ಗೊತ್ತಿರುವಂತೆ, ಎನ್ನುತ್ತಾಳೆ. ವಾದ ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಗ್ರೀಕ್ ತತ್ವಶಾಸ್ತ್ರ ಸತ್ತಿತ್ತು ಎಂದು ಮಾತ್ರ ಈ ಪುಸ್ತಕ ಓದಿದ ಮೇಲೆ ಹೇಳಲು ಬಾಯಿ ಬರುವುದಿಲ್ಲ.

ದೇಹಕ್ಕೆ ಬೆಲೆ ಕೊಟ್ಟದ್ದರಿಂದ ಬೇರೆ ಫಲವೂ ಬಂತು. ಬೇಸಿಲ್ ತನ್ನ ಊರು ಕೈಸರೇಯದ ಹೊರಗೆ ಬಡವರಿಗೆ, ರೋಗಿಗಳಿಗೆ, ಕುಷ್ಠ ಹಿಡಿದವರಿಗೆ ದೊಡ್ಡ ಆಶ್ರಯ ಕಟ್ಟಿಸಿದ. ಗ್ರೆಗರಿ ಒಂದು ಉಪದೇಶದಲ್ಲಿ ಜೀತದಾಳುಗಳನ್ನು ಕೊಳ್ಳುವವರನ್ನೇ ನಿಲ್ಲಿಸಿ ಕೇಳುತ್ತಾನೆ: ದೇವರ ರೂಪದಲ್ಲಿರುವ ಮನುಷ್ಯನಿಗೆ ಎಷ್ಟು ಒಬೊಲು ಬೆಲೆ ಕಟ್ಟಿದೆ? ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದು ಅರಿಸ್ಟಾಟಲ್ ಬರೆದಿದ್ದ. ಒಳ್ಳೆಯ ಒಡೆಯರಾಗಿ ಎಂದು ಹೇಳಿದವರು ಬಹಳ ಜನ. ಒಡೆಯನಾಗುವುದೇ ತಪ್ಪು ಎಂದು ನೇರವಾಗಿ ಹೇಳಿದ ದನಿ ಆ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಬೇಸಿಲ್ ಅಥೆನ್ಸಿನಲ್ಲಿ ಓದುತ್ತಿದ್ದಾಗ ಅವನ ಜೀವದ ಗೆಳೆಯ ನಜಿಯಾಂಜಸ್‌ನ ಗ್ರೆಗರಿಯೂ ಅಲ್ಲೇ ಇದ್ದ. 355ರಲ್ಲಿ ಇನ್ನೊಬ್ಬ ವಿದ್ಯಾರ್ಥಿ ಬಂದ. ಅವನು ರಾಜಮನೆತನದ ಜೂಲಿಯನ್. ಕ್ರೈಸ್ತನಾಗಿ ಬೆಳೆದು ಗುಟ್ಟಾಗಿ ಹಳೆಯ ದೇವರುಗಳ ಕಡೆ ಹೊರಳಿದ್ದವನು. ಚಕ್ರವರ್ತಿಯಾದ ಮೇಲೆ, 362ರಲ್ಲಿ, ಕ್ರೈಸ್ತರು ಗ್ರೀಕ್ ಸಾಹಿತ್ಯ ಪಾಠ ಮಾಡದಂತೆ ತಡೆದ. ಹೋಮರನ ದೇವರುಗಳನ್ನು ನಂಬದವರು ಹೋಮರನನ್ನು ಹೇಗೆ ಕಲಿಸುತ್ತಾರೆ ಎಂಬುದು ಅವನ ವಾದ. ನಜಿಯಾಂಜಸ್‌ನ ಗ್ರೆಗರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗ್ರೀಕ್ ಭಾಷೆ ನಿನ್ನಪ್ಪನ ಮನೆಯ ಆಸ್ತಿಯಾ ಎಂದು ಕೇಳಿದ ಹಾಗೆ ಬರೆದ. ಜೂಲಿಯನ್‌ನನ್ನು ಮೆಚ್ಚುತ್ತಿದ್ದ, ಹಳೆಯ ದೇವರುಗಳನ್ನೇ ನಂಬಿದ್ದ ಇತಿಹಾಸಕಾರ ಅಮ್ಮಿಯಾನಸ್ ಕೂಡ ಆ ಆಜ್ಞೆ ಕಠೋರವಾದದ್ದು, ಅದನ್ನು ಎಂದೆಂದಿಗೂ ಹೂತು ಮರೆಯಬೇಕು ಎಂದ.

ಹೈಪೇಶಿಯಾಳ ವಿಷಯದಲ್ಲೂ ಹೀಗೇ ಆಯಿತು, ಕಡೆ ಮಾತ್ರ ಬದಲಾಗಿದೆ. ಬಿಷಪ್ ಸಿರಿಲ್‌ಗೂ ರಾಜ್ಯಪಾಲ ಒರೆಸ್ಟಿಸ್‌ಗೂ ನಗರದ ಅಧಿಕಾರಕ್ಕಾಗಿ ಜಟಾಪಟಿ ನಡೆದಿತ್ತು. ಒರೆಸ್ಟಿಸ್ ಕೂಡ ದೀಕ್ಷಾಸ್ನಾನ ಪಡೆದ ಕ್ರೈಸ್ತನೇ. ಅವನು ಹೈಪೇಶಿಯಾಳ ಸಲಹೆ ಕೇಳುತ್ತಾನೆ, ಅವಳೇ ರಾಜಿಗೆ ಅಡ್ಡ ಎಂಬ ಗುಲ್ಲು ಹಬ್ಬಿತು. 415ರ ಮಾರ್ಚಿನಲ್ಲಿ ಗುಂಪೊಂದು ಅವಳನ್ನು ಗಾಡಿಯಿಂದ ಎಳೆದು, ಚರ್ಚಿನೊಳಗೆ ಒಯ್ದು, ಹೆಂಚಿನ ಚೂರುಗಳಿಂದ ಕೊಂದು, ದೇಹ ತುಂಡು ಮಾಡಿ ಸುಟ್ಟಿತು. ಇದನ್ನು ಬರೆದವನು ಸಾಕ್ರಟೀಸ್ ಎಂಬ ಕ್ರೈಸ್ತ ಇತಿಹಾಸಕಾರ, ಹಳೆಯ ತತ್ವಜ್ಞಾನಿ ಸಾಕ್ರಟೀಸ್ ಅಲ್ಲ. ಸಿರಿಲ್‌ಗೂ ಅಲೆಕ್ಸಾಂಡ್ರಿಯದ ಚರ್ಚಿಗೂ ಇದು ಸಣ್ಣ ಕಳಂಕವಲ್ಲ ಎಂದು ಸ್ಪಷ್ಟವಾಗಿ ಹೇಳಿದ. ಇದನ್ನು ಯಾರೂ ತೇಲಿಸಿ ಹೇಳಬಾರದು. ಅದು ರಾಜಕೀಯ, ಧರ್ಮಕ್ಕೆ ಸಂಬಂಧವಿಲ್ಲ ಎನ್ನುವವರು ಅರ್ಧ ಸತ್ಯ ಹೇಳುತ್ತಾರೆ. ಗುಂಪು ಕಟ್ಟಿದ್ದು ಧರ್ಮದ ಹೆಸರಲ್ಲೇ.

ಇದೇ ಸಿರಿಲ್ ಮುಂದೆ ಜೂಲಿಯನ್‌ನ ಕ್ರೈಸ್ತ ವಿರೋಧಿ ಪುಸ್ತಕಕ್ಕೆ ಉದ್ದನೆಯ ಖಂಡನೆ ಬರೆದ. ಜೂಲಿಯನ್‌ನ ಪುಸ್ತಕ ಕಳೆದುಹೋಗಿದೆ. ಅದರಲ್ಲಿ ನಮಗೆ ಸಿಗುವುದರ ಬಹುಪಾಲು ಸಿರಿಲ್ ಎತ್ತಿ ಬರೆದದ್ದರಿಂದಲೇ.

ಹೈಪೇಶಿಯಾಳ ಬಗ್ಗೆ ಕೇಳುವವರು ಅವಳ ಶಿಷ್ಯ ಸಿನೇಸಿಯಸ್‌ನ ಬಗ್ಗೆ ಕೇಳುವುದೇ ಇಲ್ಲ. ಇಂದಿನ ಲಿಬಿಯಾದ ಜಮೀನ್ದಾರ. ಅವನನ್ನು ಟಾಲೆಮೈಸ್ ಊರಿನ ಬಿಷಪ್ ಮಾಡಬೇಕು ಎಂದು ಜನ ಹಿಡಿದಾಗ, ಅವನು ಅಣ್ಣತಮ್ಮನ ಪ್ರೀತಿಯಿಂದ ತನ್ನ ಸೋದರನಿಗೆ ಒಂದು ಪತ್ರ ಬರೆದ. ಎಲ್ಲರೂ ಓದಲಿ ಎಂದೇ ಬರೆದದ್ದು. ಹೆಂಡತಿಯನ್ನು ಬಿಡುವುದಿಲ್ಲ, ಕದ್ದುಮುಚ್ಚಿ ಸಂಸಾರ ಮಾಡುವುದೂ ಇಲ್ಲ. ದೇಹ ಹುಟ್ಟಿದ ಮೇಲೆ ಆತ್ಮ ಹುಟ್ಟಿತು ಎಂದು ನಂಬಲಾರೆ. ಜಗತ್ತು ಪೂರ್ತಿ ನಾಶವಾಗುತ್ತದೆ ಎನ್ನಲಾರೆ. ಪುನರುತ್ಥಾನವನ್ನು ಜನ ತಿಳಿದ ಹಾಗೆ ತಿಳಿಯಲಾರೆ. ಇಷ್ಟಕ್ಕೂ ಒಪ್ಪುವುದಾದರೆ ಬಿಷಪ್ ಆಗುತ್ತೇನೆ ಎಂದ. ಬಿಷಪ್ ಮಾಡಿದವನು ಸಿರಿಲ್‌ನ ಸೋದರಮಾವ ಥಿಯೊಫಿಲಸ್. ಅಲೆಕ್ಸಾಂಡ್ರಿಯದ ಸೆರಾಪಿಸ್ ದೇವಾಲಯ ನೆಲಸಮವಾದದ್ದು ಇವನ ಕಾಲದಲ್ಲೇ! ಬಿಷಪ್ ಆದ ಮೇಲೂ ಸಿನೇಸಿಯಸ್ ಹೈಪೇಶಿಯಾಳಿಗೆ ಪತ್ರ ಬರೆಯುತ್ತಲೇ ಇದ್ದ. ಮಕ್ಕಳನ್ನು ಕಳೆದುಕೊಂಡು ಹಾಸಿಗೆ ಹಿಡಿದಾಗ ಅವಳನ್ನು ತಾಯಿ, ಅಕ್ಕ, ಗುರು ಎಂದು ಕರೆದ.

ಹೈಪೇಶಿಯಾ ಸತ್ತ ಮೇಲೆ ಅಲೆಕ್ಸಾಂಡ್ರಿಯದಲ್ಲಿ ತತ್ವಶಾಸ್ತ್ರ ಮುಗಿಯಿತು ಎನ್ನುವುದು ತಪ್ಪು. ಆ ಊರಿನ ಕೋಮ್ ಎಲ್-ದಿಕ್ಕಾ ಎಂಬಲ್ಲಿ ಪೋಲೆಂಡಿನ ಪುರಾತತ್ವಜ್ಞರು ಸುಮಾರು 20 ಪಾಠದ ಕೋಣೆಗಳನ್ನು ಅಗೆದು ತೆಗೆದಿದ್ದಾರೆ. ಗೋಡೆಗುಂಟ ಕಲ್ಲಿನ ಮೆಟ್ಟಿಲು ಬೆಂಚುಗಳು, ಮೇಷ್ಟ್ರಿಗೆ ಎತ್ತರದ ಆಸನ. ಇವು ಅವಳ ಕಾಲದ ಆಮೇಲಿನವು. ಇಂಥ ಕೋಣೆಗಳ ಕಾಲದಲ್ಲೇ ಅಮೋನಿಯಸ್ ಎಂಬ ಇನ್ನೊಬ್ಬ ಗುರು ಅರಿಸ್ಟಾಟಲ್ ಪಾಠ ಹೇಳಿದ. ಅವನ ಇಬ್ಬರು ಶಿಷ್ಯರು ಕ್ರೈಸ್ತ ಜಾನ್ ಫಿಲೊಪೊನಸ್ ಮತ್ತು ಹಳೆಯ ದೇವರುಗಳ ಭಕ್ತ ಸಿಂಪ್ಲಿಸಿಯಸ್.

ಈ ಇಬ್ಬರ ಜಗಳ ಜಗತ್ತಿಗೆ ಆರಂಭ ಇದೆಯೋ ಇಲ್ಲವೋ ಎಂಬುದರ ಮೇಲೆ. ಜಗತ್ತು ಅನಾದಿ ಎಂದು ಅರಿಸ್ಟಾಟಲ್ ಹೇಳಿದ್ದ. ಅನಂತವನ್ನು ಎಣಿಸಿ ಮುಗಿಸಲು ಆಗದು ಎಂದೂ ಅವನೇ ಹೇಳಿದ್ದ. ಫಿಲೊಪೊನಸ್ ಈ ಎರಡು ಮಾತನ್ನು ಒಂದಕ್ಕೊಂದು ಎದುರು ನಿಲ್ಲಿಸಿದ. ಆರಂಭವೇ ಇಲ್ಲದಿದ್ದರೆ ಇವತ್ತಿನವರೆಗೆ ಅನಂತ ವರ್ಷಗಳು ಕಳೆದು ಮುಗಿದಿರಬೇಕು, ನಾಳೆ ಆ ಅನಂತಕ್ಕೆ ಇನ್ನೂ ಸೇರಬೇಕು, ಇದು ಹೇಗೆ ಸಾಧ್ಯ? ಬೈಬಲ್ ವಚನ ತೋರಿಸಿ ಗೆಲ್ಲಲು ಹೋಗಲಿಲ್ಲ, ಅರಿಸ್ಟಾಟಲ್‌ನ ನಿಯಮದಿಂದಲೇ ಅರಿಸ್ಟಾಟಲ್‌ನನ್ನು ಕಟ್ಟಿಹಾಕಿದ. ವಸ್ತು ಎಷ್ಟು ಪಟ್ಟು ಭಾರವೋ ಅಷ್ಟು ಪಟ್ಟು ಬೇಗ ಬೀಳುತ್ತದೆ ಎಂಬ ಅರಿಸ್ಟಾಟಲ್‌ನ ಮಾತನ್ನೂ ಅಲ್ಲಗಳೆದ. ಬೇರೆ ಬೇರೆ ಭಾರದ ಎರಡು ವಸ್ತು ಒಂದೇ ಎತ್ತರದಿಂದ ಬಿಟ್ಟು ನೋಡಿ, ನೆಲ ಮುಟ್ಟುವ ಸಮಯದಲ್ಲಿ ಅಷ್ಟು ವ್ಯತ್ಯಾಸ ಇರುವುದೇ ಇಲ್ಲ ಎಂದ. ಸಾವಿರ ವರ್ಷ ಕಳೆದು ಗೆಲಿಲಿಯೊ ಇವನ ಹೆಸರು ಎತ್ತುತ್ತಾನೆ.

529ರ ಆಜ್ಞೆಯ ನಂತರ ಸಿಂಪ್ಲಿಸಿಯಸ್, ಅವನ ಗುರು ಡಮಾಸಿಯಸ್ ಸೇರಿ 7 ಜನ ಪರ್ಷಿಯಾದ ದೊರೆ ಖುಸ್ರೋವಿನ ಆಸ್ಥಾನಕ್ಕೆ ಹೋದರು. ಅಲ್ಲಿ ಬೇಸರವಾಯಿತು. 532ರ ಶಾಂತಿ ಒಪ್ಪಂದದಲ್ಲಿ, ಇವರು ಊರಿಗೆ ಮರಳಿ ತಮ್ಮ ನಂಬಿಕೆಯಲ್ಲೇ ಇರಬಹುದು ಎಂಬ ಷರತ್ತನ್ನು ಖುಸ್ರೋ ಹಾಕಿಸಿದ. ಮರಳಿದ ಸಿಂಪ್ಲಿಸಿಯಸ್ ಫಿಲೊಪೊನಸ್‌ನನ್ನು ಪುಟಗಟ್ಟಲೆ ಬೈದ. ಬೈಯಲು ಅವನ ಮಾತುಗಳನ್ನು ಎತ್ತಿ ಬರೆದ. ಫಿಲೊಪೊನಸ್ ಅರಿಸ್ಟಾಟಲ್ ವಿರುದ್ಧ ಬರೆದ ಆ ಪುಸ್ತಕ ಕಳೆದುಹೋಗಿದೆ. ಅದು ನಮಗೆ ಮುಖ್ಯವಾಗಿ ತಿಳಿದಿರುವುದು ಸಿಂಪ್ಲಿಸಿಯಸ್‌ನ ಬೈಗುಳದಿಂದ.

ನಮ್ಮ ಕಡೆಯವರಿಗೆ ಇಲ್ಲೊಂದು ಸ್ವಾರಸ್ಯ. ಅದೇ ಕಾಲದ ಅಲೆಕ್ಸಾಂಡ್ರಿಯದ ವ್ಯಾಪಾರಿ ಕಾಸ್ಮಸ್ ಆಕಾಶ ಗುಂಡಗಿಲ್ಲ, ಭೂಮಿ ಚಪ್ಪಟೆ ಎಂದು ಬೈಬಲ್ ಹಿಡಿದು ವಾದಿಸಿದ. ಅವನ ಗುರಿ ಫಿಲೊಪೊನಸ್ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅದೇ ಪುಸ್ತಕದಲ್ಲಿ ಕರಿಮೆಣಸು ಸಾಗಿಸುವ ಪಶ್ಚಿಮ ಕರಾವಳಿಯ ಬಂದರುಗಳ ಪಟ್ಟಿ ಇದೆ. ಅದರಲ್ಲಿ 'ಮಂಗರೂತ್' ಎಂಬ ಹೆಸರಿದೆ. ನಮ್ಮ ಮಂಗಳೂರೇ ಅದು ಎನ್ನುತ್ತಾರೆ. ಭೂಮಿಯ ಆಕಾರದ ಬಗ್ಗೆ ಇಬ್ಬರು ಕ್ರೈಸ್ತರೇ ಹೀಗೆ ಎದುರುಬದುರಾಗಿದ್ದರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಶುರು ಮಾಡುವುದಾದರೆ ಆಗಸ್ಟೀನ್‌ನ ಆತ್ಮಕಥೆ 'ಕನ್ಫೆಷನ್ಸ್' ತೆಗೆದುಕೊಳ್ಳಿ. 7ನೇ ಭಾಗಕ್ಕೆ ನೇರವಾಗಿ ಹೋದರೂ ಪರವಾಗಿಲ್ಲ. 386ರಲ್ಲಿ ಮಿಲಾನಿನಲ್ಲಿ ಅವನಿಗೆ ಪ್ಲೇಟೊ ಪಂಥದ ಪುಸ್ತಕಗಳು ಸಿಗುತ್ತವೆ. 'ಆದಿಯಲ್ಲಿ ವಾಕ್ಯವಿತ್ತು' ಎಂಬ ವಿಚಾರ ಅಲ್ಲಿ ಸಿಕ್ಕಿತು, ಆ ವಾಕ್ಯ ಮನುಷ್ಯನಾಗಿ ಹುಟ್ಟಿತು ಎನ್ನುವುದು ಮಾತ್ರ ಸಿಗಲಿಲ್ಲ ಎನ್ನುತ್ತಾನೆ. ಮೇಲೆ ಹೇಳಿದ ದೇಹದ ಜಗಳ ಇಡೀ ಅಲ್ಲಿದೆ. 8ನೇ ಭಾಗದಲ್ಲಿ ಆ ಪುಸ್ತಕಗಳನ್ನು ಲ್ಯಾಟಿನ್ನಿಗೆ ತಂದ ಮಾರಿಯಸ್ ವಿಕ್ಟೋರಿನಸ್‌ನ ಕಥೆ ಬರುತ್ತದೆ. ನಾನೂ ಒಳಗೊಳಗೇ ಕ್ರೈಸ್ತ ಎನ್ನುತ್ತಿದ್ದ ಅವನಿಗೆ, ಚರ್ಚಿಗೆ ಬಂದರೆ ನಂಬುತ್ತೇನೆ ಎಂದು ಗೆಳೆಯ ಹೇಳಿದಾಗ, 'ಹಾಗಾದರೆ ಕ್ರೈಸ್ತರನ್ನು ಮಾಡುವುದು ಗೋಡೆಗಳೋ?' ಎಂದು ಅವನು ತಿರುಗಿ ಕೇಳುತ್ತಿದ್ದ. ಜೊತೆಗೆ ಪೊಸಿಡಿಯಸ್ ಬರೆದ ಆಗಸ್ಟೀನ್‌ನ ಚಿಕ್ಕ ಜೀವನಚರಿತ್ರೆ ಓದಿ. 430ರಲ್ಲಿ ವ್ಯಾಂಡಲರೆಂಬ ದಾಳಿಕೋರರು ಆಗಸ್ಟೀನ್ ಬಿಷಪ್ ಆಗಿದ್ದ, ಉತ್ತರ ಆಫ್ರಿಕದ ಹಿಪ್ಪೊ ನಗರವನ್ನು ಮುತ್ತಿದಾಗ ಮುದಿ ಬಿಷಪ್ಪನಿಗೆ ಧೈರ್ಯ ಕೊಟ್ಟದ್ದು ಒಬ್ಬ ಜ್ಞಾನಿಯ ಮಾತು: ಮರ ಕಲ್ಲು ಉರುಳುವುದನ್ನು, ಸಾಯುವವರು ಸಾಯುವುದನ್ನು ದೊಡ್ಡದು ಮಾಡುವವನು ದೊಡ್ಡವನಲ್ಲ. ಆ ಜ್ಞಾನಿಯ ಹೆಸರನ್ನು ಪೊಸಿಡಿಯಸ್ ಹೇಳುವುದಿಲ್ಲ. ಮಾತು ಪ್ಲೊಟೈನಸ್‌ನದು.

ಆಮೇಲೆ ಗ್ರೆಗರಿ ಮತ್ತು ಮ್ಯಾಕ್ರಿನಾ ಸಂವಾದ, ಅದಾದ ಮೇಲೆ ಸಿನೇಸಿಯಸ್‌ನ ಪತ್ರಗಳು. ಬಿಷಪ್ ಆಗುವ ಷರತ್ತಿನ ಪತ್ರ 105ನೆಯದು. ಹೈಪೇಶಿಯಾಳಿಗೆ ಬರೆದವು ಚಿಕ್ಕ ಚಿಕ್ಕವು, ಒಂದೇ ಸಂಜೆಗೆ ಮುಗಿಯುತ್ತವೆ. ಒರಿಜೆನ್ ಸೆಲ್ಸಸ್‌ಗೆ ಕೊಟ್ಟ ಉತ್ತರ ತುಂಬಾ ಉದ್ದ. ಅದನ್ನು ಮೊದಲೇ ಹಿಡಿದರೆ ಸುಸ್ತಾಗಿ ಬಿಡುತ್ತೀರಿ. ಕೊನೆಗೆ ಇಟ್ಟುಕೊಳ್ಳಿ. ಮೊದಲ ಸಲಕ್ಕೆ 1ನೇ ಭಾಗ ಮತ್ತು ದೇಹದ ಪುನರುತ್ಥಾನದ ವಾದ ಇರುವ 5ನೇ ಭಾಗ ಸಾಕು.